ಹತ್ತು ಸೆಕೆಂಡಿಗೊಂದು ಮಿಂಚು: ಬಾಸ್ಟನ್ ಬಂದರಿನ ದೀಪಸ್ತಂಭವನ್ನು ಅರಿತು ನೋಡುವ ಬಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಬಾಸ್ಟನ್ ನಗರ ಅಟ್ಲಾಂಟಿಕ್ ಸಾಗರಕ್ಕೆ ನೇರವಾಗಿ ಮುಖ ಮಾಡಿ ನಿಂತಿಲ್ಲ. ನಗರದ ಧಕ್ಕೆಯಿಂದ ಹೊರಟ ಹಡಗು ಹತ್ತಾರು ದ್ವೀಪಗಳನ್ನೂ, ಇಳಿತದ ಹೊತ್ತಿನಲ್ಲಿ ತಲೆಯೆತ್ತುವ ಕಲ್ಲುದಿಬ್ಬಗಳನ್ನೂ, ನೀರಿನಡಿಯಲ್ಲೇ ಅಡಗಿರುವ ಬಂಡೆಗಳನ್ನೂ ಬಳಸಿಕೊಂಡು ಹೋದ ಮೇಲೆಯೇ ತೆರೆದ ಸಮುದ್ರ ಸಿಗುತ್ತದೆ. ಆ ದ್ವೀಪಗಳ ಹೊರ ಅಂಚಿನಲ್ಲಿ, ನಗರದಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ, ಲಿಟಲ್ ಬ್ರೂಸ್ಟರ್ ಎಂಬ ಕೆಲವೇ ಎಕರೆಗಳ ಕಲ್ಲಿನ ದ್ವೀಪವಿದೆ. ಅದರ ಮೇಲೆ ನಿಂತಿರುವ ಬಿಳಿಯ ಗೋಪುರವೇ ಬಾಸ್ಟನ್ ಲೈಟ್. ಇಂದಿನ ಅಮೆರಿಕದ ನೆಲದಲ್ಲಿ ಮೊತ್ತಮೊದಲು ದೀಪಸ್ತಂಭ ಬೆಳಗಿದ ಜಾಗ ಇದು. ದಿನಾಂಕ 1716ರ ಸೆಪ್ಟೆಂಬರ್ 14.

ದೀಪಸ್ತಂಭವನ್ನು ನೋಡಲು ಹೋದವರು ಸಾಮಾನ್ಯವಾಗಿ ಒಂದು ಎತ್ತರದ ಗೋಪುರವನ್ನೂ ಅದರ ತುದಿಯ ಗಾಜಿನ ಕೋಣೆಯನ್ನೂ ಕಂಡು, ಚಿತ್ರ ತೆಗೆದುಕೊಂಡು ಮರಳುತ್ತಾರೆ. ನೋಟ ಚೆಲುವಾದುದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಗೋಪುರದ ಎತ್ತರ, ಅದರ ಗೋಡೆಯ ದಪ್ಪ, ಮೈಗೆ ಬಿಗಿದ ಲೋಹದ ಪಟ್ಟಿಗಳು, ಗಾಜಿನ ಕೋಣೆಯಲ್ಲಿ ಹಗಲಿರುಳೂ ತಿರುಗುವ ಮಸೂರ, ಹತ್ತು ಸೆಕೆಂಡಿಗೊಮ್ಮೆ ಬರುವ ಮಿಂಚು ಇವುಗಳಲ್ಲಿ ಯಾವುದೂ ಅಲಂಕಾರಕ್ಕೆಂದು ಇಟ್ಟದ್ದಲ್ಲ. ಪ್ರತಿಯೊಂದರ ಹಿಂದೆಯೂ ಕತ್ತಲಲ್ಲಿ ದಾರಿ ಹುಡುಕುವ ನಾವಿಕನ ಒಂದು ನಿರ್ದಿಷ್ಟ ಕಷ್ಟವಿದೆ, ಆ ಕಷ್ಟಕ್ಕೆ ಯಾರೋ ಬಹಳ ಯೋಚಿಸಿ ಕಂಡುಕೊಂಡ ಪರಿಹಾರವಿದೆ. ಅವನ್ನು ತಿಳಿದುಕೊಂಡು ಹೋದರೆ ಅದೇ ಗೋಪುರ ಬೇರೆಯಾಗಿಯೇ ಕಾಣುತ್ತದೆ.

ಮೊದಲನೆಯದು ಜಾಗದ ಆಯ್ಕೆ. ದೂರದ ಸಮುದ್ರಯಾನದಲ್ಲಿ ಹಡಗಿಗೆ ಅತ್ಯಂತ ಅಪಾಯದ ಘಳಿಗೆ ಎಂದರೆ ನಡುಗಡಲಿನ ಬಿರುಗಾಳಿ ಎಂದು ನಾವು ಭಾವಿಸುತ್ತೇವೆ. ಹಾಯಿಹಡಗುಗಳ ಕಾಲದಲ್ಲಿ ನಾವಿಕರು ಹೆಚ್ಚು ಹೆದರುತ್ತಿದ್ದದ್ದು ನೆಲ ಹತ್ತಿರವಾದಾಗ. ಆಳವಾದ ನೀರಿನಲ್ಲಿ ಅಲೆಗೆ ಸಿಕ್ಕ ಹಡಗು ತೇಲುತ್ತಿರುತ್ತದೆ. ದಡದ ಬಂಡೆಗೆ ತಾಗಿದ ಹಡಗು ಒಡೆಯುತ್ತದೆ. ವಾರಗಟ್ಟಲೆ ನೆಲ ಕಾಣದೆ ಬಂದ ನಾವಿಕನಿಗೆ ತಾನಿರುವ ರೇಖಾಂಶ ಖಚಿತವಾಗಿ ಗೊತ್ತಿರುತ್ತಿರಲಿಲ್ಲ, ಏಕೆಂದರೆ ಸಮುದ್ರದ ಮೇಲೆ ಅದನ್ನು ಅಳೆಯುವ ನಂಬಿಕಸ್ಥ ಗಡಿಯಾರ 1716ರಲ್ಲಿ ಇನ್ನೂ ರೂಪುಗೊಂಡಿರಲಿಲ್ಲ. ಬಾಸ್ಟನ್ ಆಗ ಬ್ರಿಟಿಷ್ ಉತ್ತರ ಅಮೆರಿಕದ ದೊಡ್ಡ ವ್ಯಾಪಾರಿ ಬಂದರು. 17ನೇ ಶತಮಾನದಲ್ಲೇ ಹಲ್ ಎಂಬ ಊರಿನ ಪಾಯಿಂಟ್ ಆಲರ್ಟನ್ ಭೂಶಿರದಲ್ಲಿ ಕಬ್ಬಿಣದ ಬುಟ್ಟಿಗೆ ಡಾಂಬರಿನಂಥ ಉರಿಯುವ ವಸ್ತು ತುಂಬಿ ಬೆಂಕಿ ಹಚ್ಚುವ ಏರ್ಪಾಡಿತ್ತು. ಅದು ಸಾಲದಾದಾಗ 1713ರಲ್ಲಿ ಅಲ್ಲಿನ ವ್ಯಾಪಾರಿಗಳು ಬಂದರಿನ ಬಾಯಲ್ಲಿ ದೀಪಸ್ತಂಭ ಬೇಕೆಂದು ವಸಾಹತಿನ ಶಾಸನಸಭೆಯ ಮುಂದೆ ಬೇಡಿಕೆ ಇಟ್ಟರು. 1715ರಲ್ಲಿ ಶಾಸನವಾಯಿತು. ಪಾಯಿಂಟ್ ಆಲರ್ಟನ್‌ಗೂ ಲಿಟಲ್ ಬ್ರೂಸ್ಟರ್‌ಗೂ ನಡುವೆ ಹಡಗುಗಳು ಒಳಬರುವ ಹಾದಿಯಿದ್ದುದರಿಂದ, ಆ ಬಾಗಿಲಿನ ಒಂದು ಕಂಬದಲ್ಲೇ ದೀಪ ಇಡುವುದೆಂದು ತೀರ್ಮಾನವಾಯಿತು.

ದೀಪಕ್ಕೆ ಹಣ ಯಾರು ಕೊಡಬೇಕು ಎಂಬುದೂ ಸುಲಭದ ಪ್ರಶ್ನೆಯಾಗಿರಲಿಲ್ಲ. ಹಣ ಕೊಟ್ಟ ಹಡಗಿಗೆ ಮಾತ್ರ ಬೆಳಕು ಕಾಣಿಸಿ, ಕೊಡದ ಹಡಗಿಗೆ ಮರೆಮಾಡಲು ಸಾಧ್ಯವಿಲ್ಲ. ಹೀಗೆ ಯಾರನ್ನೂ ಹೊರಗಿಡಲಾಗದ ಸೇವೆಯನ್ನು ಯಾರ ಖರ್ಚಿನಲ್ಲಿ ನಡೆಸಬೇಕು ಎಂಬುದಕ್ಕೆ ಅರ್ಥಶಾಸ್ತ್ರಜ್ಞರು ಇಂದಿಗೂ ಕೊಡುವ ಮೊದಲ ಉದಾಹರಣೆ ದೀಪಸ್ತಂಭವೇ. ಬಾಸ್ಟನ್ನಿನವರು ಕಂಡುಕೊಂಡ ದಾರಿ ಬಂದರಿನಲ್ಲೇ ಸುಂಕ ವಸೂಲಿ ಮಾಡುವುದು: ಹಡಗಿನ ಟನ್ನೊಂದಕ್ಕೆ ಒಂದು ಪೆನ್ನಿ, ಒಳಬರುವಾಗಲೂ ಹೊರಹೋಗುವಾಗಲೂ. ಅಮೆರಿಕ ಸ್ವತಂತ್ರವಾದ ಮೇಲೆ, 1789ರ ಆಗಸ್ಟ್‌ನಲ್ಲಿ, ಹೊಸ ಸಂಸತ್ತು ತನ್ನ ಮೊದಲ ಹತ್ತು ಶಾಸನಗಳೊಳಗೇ ಒಂದನ್ನು ದೀಪಸ್ತಂಭಗಳಿಗೆ ಮೀಸಲಿಟ್ಟು ಅವುಗಳ ಹೊಣೆಯನ್ನು ಒಕ್ಕೂಟ ಸರ್ಕಾರಕ್ಕೆ ವಹಿಸಿತು. ಹೊಸ ಒಕ್ಕೂಟ ಸರ್ಕಾರ ಆರಂಭವಾದ ವರ್ಷವೇ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಇದು ಅಷ್ಟು ಮೇಲಿತ್ತೆಂಬುದು, ಕಡಲ ವ್ಯಾಪಾರವನ್ನೇ ನಂಬಿದ್ದ ಆ ರಾಜ್ಯಗಳ ಸ್ಥಿತಿಯನ್ನು ಚೆನ್ನಾಗಿ ತೋರಿಸುತ್ತದೆ.

ಈಗ ನಿಂತಿರುವ ಗೋಪುರ 1716ರದ್ದಲ್ಲ. ಸ್ವಾತಂತ್ರ್ಯ ಯುದ್ಧದಲ್ಲಿ ಬಾಸ್ಟನ್ ನಗರ ಬ್ರಿಟಿಷ್ ಸೇನೆಯ ಕೈಯಲ್ಲಿದ್ದಾಗ, ಬಂದರಿನ ದೀಪ ಉರಿದಷ್ಟೂ ಬ್ರಿಟಿಷ್ ಹಡಗುಗಳಿಗೇ ಅನುಕೂಲ ಎಂಬ ಕಾರಣಕ್ಕೆ, 1775ರ ಜುಲೈ ತಿಂಗಳೊಂದರಲ್ಲೇ ಅಮೆರಿಕನ್ ಪಡೆಗಳು ಎರಡು ಸಲ ದ್ವೀಪಕ್ಕೆ ದೋಣಿಗಳಲ್ಲಿ ಹೋಗಿ ಗೋಪುರದ ಮರದ ಭಾಗಗಳಿಗೆ ಬೆಂಕಿ ಹಚ್ಚಿದವು. ಮೊದಲ ದಾಳಿಯ ನಂತರ ಬ್ರಿಟಿಷರು ಕಾವಲಿಟ್ಟು ದುರಸ್ತಿ ಮಾಡಿಸುತ್ತಿದ್ದರು. ತಿಂಗಳ ಕೊನೆಯಲ್ಲಿ ಮೇಜರ್ ಬೆಂಜಮಿನ್ ಟಪ್ಪರ್ ಸುಮಾರು 300 ಮಂದಿಯೊಡನೆ ಬಂದು ಕಾವಲು ಪಡೆಯನ್ನು ಸೋಲಿಸಿ ದುರಸ್ತಿಯನ್ನೂ ಹಾಳುಗೆಡವಿದರು. ಮರುವರ್ಷ ಜೂನ್‌ನಲ್ಲಿ ಬಂದರಿನಿಂದ ಹೊರಬೀಳುತ್ತಿದ್ದ ಬ್ರಿಟಿಷರು ಗೋಪುರದೊಳಗೆ ಮದ್ದಿನ ಪುಡಿ ಇಟ್ಟು ಇಡೀ ಕಟ್ಟಡವನ್ನೇ ಸಿಡಿಸಿದರು. ಯಾರ ಕೈಗೂ ದೀಪ ಸಿಗಬಾರದೆಂದು ಎರಡೂ ಕಡೆಯವರು ಅದನ್ನೇ ಹೊಡೆದರು ಎನ್ನುವಾಗ, ಆ ಬೆಳಕಿನ ಬೆಲೆ ಏನಿತ್ತೆಂದು ಊಹಿಸಬಹುದು. ಯುದ್ಧ ಮುಗಿದ 1783ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರ ಅದೇ ಜಾಗದಲ್ಲಿ ಹೊಸ ಗೋಪುರ ಕಟ್ಟಿಸಿತು. ಹಾಗಾಗಿ ‘ಅಮೆರಿಕದ ಅತ್ಯಂತ ಹಳೆಯ ದೀಪಸ್ತಂಭ’ ಯಾವುದು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ದೀಪ ಉರಿದ ಜಾಗ ಎಂದು ಲೆಕ್ಕ ಹಾಕಿದರೆ ಬಾಸ್ಟನ್ ಲೈಟ್. ಇನ್ನೂ ನಿಂತಿರುವ ಕಟ್ಟಡ ಎಂದು ಲೆಕ್ಕ ಹಾಕಿದರೆ ನ್ಯೂಜೆರ್ಸಿಯ ಸ್ಯಾಂಡಿ ಹುಕ್‌ನಲ್ಲಿ 1764ರಲ್ಲಿ ಕಟ್ಟಿದ ಗೋಪುರ. ಪ್ರವಾಸಿ ಕೈಪಿಡಿಗಳಲ್ಲಿ ಈ ಎರಡು ಮಾತುಗಳು ಆಗಾಗ ಕಲಸಿಹೋಗುತ್ತವೆ.

ಗೋಪುರವನ್ನು ಒರಟು ಕಲ್ಲಿನಿಂದ ಕಟ್ಟಿ ಒಳಮೈಗೆ ಇಟ್ಟಿಗೆ ಹೊದಿಸಲಾಗಿದೆ. ಬುಡದಲ್ಲಿ ಗೋಡೆಯ ದಪ್ಪ ಏಳೂವರೆ ಅಡಿ. ಮೇಲೇರುತ್ತಾ ಅದು ಎರಡೂವರೆ ಅಡಿಗೆ ಇಳಿಯುತ್ತದೆ. ಗಾಳಿಯ ಒತ್ತಡ ಗೋಪುರವನ್ನು ಬಗ್ಗಿಸಲು ಯತ್ನಿಸುವುದು ಬುಡದಲ್ಲಿ ಅತಿ ಹೆಚ್ಚು, ತುದಿಯಲ್ಲಿ ಅತಿ ಕಡಿಮೆ. ಭಾರವೆಲ್ಲ ಕೆಳಗಿದ್ದು ಮೈ ದುಂಡಗಿದ್ದರೆ ಗಾಳಿಗೂ ಹಾರಿಬರುವ ಅಲೆಯ ನೀರಿಗೂ ತಡೆಯಾಗುವ ಮೂಲೆಗಳಿರುವುದಿಲ್ಲ. ಆದರೂ ಕಲ್ಲಿನ ಸಂದಿಗೆ ನುಸುಳಿದ ನೀರು ಬಾಸ್ಟನ್ನಿನ ಕಡುಚಳಿಯಲ್ಲಿ ಹೆಪ್ಪುಗಟ್ಟಿ ಹಿಗ್ಗುವುದನ್ನು ತಡೆಯಲಾಗುವುದಿಲ್ಲ. 1809ರಲ್ಲಿ ಗೋಡೆಯಲ್ಲಿ ಬಿರುಕುಗಳು ಕಂಡಾಗ ಗೋಪುರದ ಸುತ್ತ ಕಬ್ಬಿಣದ ಪಟ್ಟಿಗಳನ್ನು ಬಿಗಿದರು. ಇಂದು ಆ ಜಾಗದಲ್ಲಿ ಅಲ್ಯೂಮಿನಿಯಂ ಪಟ್ಟಿಗಳಿವೆ. ಹತ್ತಿರದಿಂದ ತೆಗೆದ ಯಾವ ಚಿತ್ರದಲ್ಲೂ ಬಿಳಿ ಬಣ್ಣದಡಿ ಅವು ಕಾಣುತ್ತವೆ. ನೋಡುವವರು ಅವನ್ನು ಕಟ್ಟಡದ ಶೃಂಗಾರವೆಂದು ತಿಳಿಯುವುದು ಸಹಜ, ಆದರೆ ಗೋಪುರ ಇನ್ನೂರು ವರ್ಷಕ್ಕೂ ಮೀರಿ ನಿಂತಿರುವುದರಲ್ಲಿ ಅವುಗಳ ಪಾಲು ದೊಡ್ಡದು.

1783ರಲ್ಲಿ 75 ಅಡಿಯಿದ್ದ ಗೋಪುರವನ್ನು 1859ರಲ್ಲಿ ಎತ್ತರಿಸಲಾಯಿತು. ಇಂದು ಅದು 89 ಅಡಿ, ಅಂದರೆ ಸುಮಾರು 27 ಮೀಟರ್. ಉಡುಪಿ ಜಿಲ್ಲೆಯ ಕಾಪುವಿನ ಕಡಲತೀರದಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ಹತ್ತಿದವರಿಗೆ ಈ ಎತ್ತರದ ಅಂದಾಜು ಸುಲಭವಾಗಿ ಸಿಗುತ್ತದೆ, ಏಕೆಂದರೆ ಎರಡೂ ಗೋಪುರಗಳ ಎತ್ತರ ಹೆಚ್ಚುಕಡಿಮೆ ಒಂದೇ. ಆದರೆ ನಾವಿಕನಿಗೆ ಬೇಕಾದದ್ದು ಗೋಪುರದ ಎತ್ತರವಲ್ಲ, ಸಮುದ್ರಮಟ್ಟದಿಂದ ದೀಪ ಎಷ್ಟು ಮೇಲಿದೆ ಎಂಬುದು. ಬಾಸ್ಟನ್ ಲೈಟ್‌ನಲ್ಲಿ ಅದು 102 ಅಡಿ, ಸುಮಾರು 31 ಮೀಟರ್.

ಈ ಸಂಖ್ಯೆ ಏಕೆ ಮುಖ್ಯ ಎಂಬುದಕ್ಕೆ ಭೂಮಿಯ ಆಕಾರವೇ ಕಾರಣ. ಬೆಳಕು ಬಹುಮಟ್ಟಿಗೆ ನೇರವಾಗಿ ಸಾಗುತ್ತದೆ, ಸಮುದ್ರದ ಮೈ ಮಾತ್ರ ಬಾಗುತ್ತಾ ಹೋಗುತ್ತದೆ. ಆದ್ದರಿಂದ ಒಂದು ದೂರದ ಆಚೆಗೆ ದೀಪ ಎಷ್ಟೇ ಪ್ರಖರವಾಗಿದ್ದರೂ ನೀರಿನ ಉಬ್ಬಿನ ಹಿಂದೆ ಮರೆಯಾಗುತ್ತದೆ. ಗಾಳಿಯ ಪದರಗಳಲ್ಲಿ ಬೆಳಕು ಸ್ವಲ್ಪ ಕೆಳಕ್ಕೆ ಬಾಗುವುದನ್ನೂ ಸೇರಿಸಿಕೊಂಡು ನಾವಿಕರು ಬಳಸುವ ಲೆಕ್ಕ ಹೀಗಿದೆ: ದೀಪದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.86ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಸಿಗುತ್ತದೆ. 31 ಮೀಟರಿಗೆ ಅದು ಸುಮಾರು 21.5 ಕಿಲೋಮೀಟರ್. ಆದರೆ ನೋಡುವವನೂ ನೀರಿನ ಮಟ್ಟದಲ್ಲಿರುವುದಿಲ್ಲ. ಹಡಗಿನ ಮೇಲೆ 9 ಮೀಟರ್ ಎತ್ತರದಲ್ಲಿ ನಿಂತವನಿಗೆ ತನ್ನದೇ ದಿಗಂತ 11.6 ಕಿಲೋಮೀಟರ್ ದೂರದಲ್ಲಿರುತ್ತದೆ. ಎರಡನ್ನೂ ಕೂಡಿದರೆ 33 ಕಿಲೋಮೀಟರ್. ಸಣ್ಣ ದೋಣಿಯಲ್ಲಿ, ಕಣ್ಣು ನೀರಿನಿಂದ 2 ಮೀಟರ್ ಮೇಲಿರುವ ಮೀನುಗಾರನಿಗೆ ಅದೇ ದೀಪ 27 ಕಿಲೋಮೀಟರಿಗಷ್ಟೇ ಕಾಣುತ್ತದೆ. ವರ್ಗಮೂಲದ ಲೆಕ್ಕವಾದ್ದರಿಂದ ದೀಪದಿಂದ ದಿಗಂತಕ್ಕಿರುವ ದೂರವನ್ನು ಎರಡು ಪಟ್ಟು ಮಾಡಬೇಕಾದರೆ ದೀಪವನ್ನು ನಾಲ್ಕು ಪಟ್ಟು ಎತ್ತರಕ್ಕೆ ಒಯ್ಯಬೇಕು. ದೀಪಸ್ತಂಭಗಳನ್ನು ಬೇಕಾದಷ್ಟು ಎತ್ತರ ಕಟ್ಟಲಿಲ್ಲವೇಕೆ ಎಂಬ ಪ್ರಶ್ನೆಗೆ ಇಲ್ಲೇ ಉತ್ತರವಿದೆ. ಅದೂ ಅಲ್ಲದೆ, ಮಿತಿಮೀರಿ ಎತ್ತರವಾದ ದೀಪವನ್ನು ತಗ್ಗು ಮೋಡವೂ ಮಂಜೂ ಮುಚ್ಚಿಬಿಡುತ್ತವೆ.

ಹೀಗಿದ್ದರೂ ಬಾಸ್ಟನ್ ಲೈಟ್‌ನ ವ್ಯಾಪ್ತಿ 27 ನಾಟಿಕಲ್ ಮೈಲಿ ಎಂದು ದಾಖಲೆಗಳಲ್ಲಿ ಬರೆದಿರುತ್ತದೆ. ಒಂದು ನಾಟಿಕಲ್ ಮೈಲಿ 1,852 ಮೀಟರ್. ಅಂದರೆ 50 ಕಿಲೋಮೀಟರ್. ಇದಕ್ಕೂ ಮೇಲಿನ ಲೆಕ್ಕಕ್ಕೂ ವಿರೋಧವಿಲ್ಲ. ದಾಖಲೆಯ ಸಂಖ್ಯೆ ಬೆಳಕಿನ ಶಕ್ತಿಯನ್ನು ಹೇಳುತ್ತದೆ: ವಾತಾವರಣ ಒಂದು ಗೊತ್ತಾದ ಮಟ್ಟದಲ್ಲಿ ತಿಳಿಯಾಗಿದ್ದಾಗ, ಭೂಮಿಯ ಬಾಗು ಅಡ್ಡಬರದಿದ್ದರೆ, ಕಣ್ಣಿಗೆ ತಾಗುವಷ್ಟು ಪ್ರಖರತೆ ಎಲ್ಲಿಯವರೆಗೆ ಉಳಿಯುತ್ತದೆ ಎಂಬ ಅಳತೆ ಅದು. ಎತ್ತರ ಹೇಳುವುದು ರೇಖಾಗಣಿತದ ಮಿತಿಯನ್ನು. ಎರಡರಲ್ಲಿ ಯಾವುದು ಚಿಕ್ಕದೋ ಅದೇ ನಾವಿಕನಿಗೆ ಅನ್ವಯವಾಗುತ್ತದೆ. ಹೆಚ್ಚುವರಿ ಶಕ್ತಿ ವ್ಯರ್ಥವೂ ಅಲ್ಲ. ಮಬ್ಬು ಕವಿದ ರಾತ್ರಿಗಳಲ್ಲಿ ಬೆಳಕು ಬೇಗ ಕುಂದುವುದರಿಂದ ಆ ಮೀಸಲು ಬೇಕಾಗುತ್ತದೆ.

ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಇಡೀ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಗಾಜಿನ ಕೋಣೆಯೊಳಗೆ ಈಗ ಇರುವುದು 1,000 ವ್ಯಾಟ್‌ನ ಒಂದು ವಿದ್ಯುದ್ದೀಪ ಮಾತ್ರ. ಯಾವುದೇ ದೀಪ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಆಕಾಶಕ್ಕೆ ಹೋದದ್ದೂ ಗೋಪುರದ ನೆಲಕ್ಕೆ ಬಿದ್ದದ್ದೂ ನಾವಿಕನಿಗೆ ಪ್ರಯೋಜನವಿಲ್ಲ. 18ನೇ ಶತಮಾನದಲ್ಲಿ ಮೇಣದಬತ್ತಿ, ಎಣ್ಣೆದೀಪಗಳನ್ನೇ ಗುಂಪಾಗಿ ಇಡುತ್ತಿದ್ದರು. ಅವುಗಳ ಹೊಗೆಯಿಂದ ಗಾಜು ಕಪ್ಪಾಗಿ, ಇದ್ದ ಬೆಳಕೂ ಹೊರಗೆ ಬರುತ್ತಿರಲಿಲ್ಲ. ಮುಂದೆ ದೀಪದ ಹಿಂದೆ ಬಾಗಿದ ಕನ್ನಡಿ ಇಟ್ಟು ಬೆಳಕನ್ನು ಮುಂದಕ್ಕೆ ತಿರುಗಿಸುವ ಪ್ರಯತ್ನವಾಯಿತು, ಆದರೆ ಕನ್ನಡಿಯ ಲೋಹ ಬೆಳಕಿನ ಒಂದು ಪಾಲನ್ನು ನುಂಗುತ್ತಿತ್ತು, ಬೇಗ ಮಂಕಾಗುತ್ತಲೂ ಇತ್ತು. ದಪ್ಪ ಉಬ್ಬುಮಸೂರವನ್ನು ಇಡಬಹುದಿತ್ತು. ಅಷ್ಟು ದೊಡ್ಡ ಗಾಜು ಭಾರವಾಗುತ್ತಿತ್ತು, ಅದರ ದಪ್ಪದಲ್ಲೇ ಬೆಳಕು ಸೋರಿಹೋಗುತ್ತಿತ್ತು.

ಫ್ರಾನ್ಸಿನ ಎಂಜಿನಿಯರ್ ಆಗಸ್ಟಿನ್ ಫ್ರೆನೆಲ್ ಹಿಡಿದ ಸೂತ್ರ ಇದು: ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಗಾಜಿನ ಹೊಟ್ಟೆಯಲ್ಲಿ ಅಲ್ಲ. ಹಾಗಿದ್ದ ಮೇಲೆ ಹೊಟ್ಟೆಯ ಗಾಜನ್ನು ತೆಗೆದುಹಾಕಿ, ಮೇಲ್ಮೈಯ ಇಳಿಜಾರನ್ನು ಮಾತ್ರ ಉಳಿಸಿಕೊಂಡರೆ ಸಾಕು. ಆತ ನಡುವೆ ಒಂದು ದುಂಡನೆಯ ಮಸೂರವನ್ನಿಟ್ಟು, ಅದರ ಸುತ್ತ ಉಂಗುರ ಉಂಗುರವಾಗಿ ಪಟ್ಟಕಗಳನ್ನು ಜೋಡಿಸುವ ವಿನ್ಯಾಸ ರೂಪಿಸಿದ. ದೀಪದ ಮಟ್ಟಕ್ಕೆ ಹತ್ತಿರವಿರುವ ಉಂಗುರಗಳು ಬೆಳಕನ್ನು ಬಾಗಿಸಿ ದಿಗಂತದ ಕಡೆಗೆ ಕಳಿಸುತ್ತವೆ. ತೀರ ಮೇಲೆ ಮತ್ತು ತೀರ ಕೆಳಗೆ ಹೋಗುವ ಕಿರಣಗಳನ್ನು ಬರೀ ಬಾಗಿಸಿದರೆ ಸಾಲದು. ಮುಂದಿನ ವರ್ಷಗಳಲ್ಲಿ ಬೆಳೆದ ವಿನ್ಯಾಸದಲ್ಲಿ ಅಲ್ಲಿನ ಪಟ್ಟಕಗಳು ಕಿರಣವನ್ನು ತಮ್ಮೊಳಗೇ ಪೂರ್ತಿ ಪ್ರತಿಫಲಿಸಿ ತಿರುಗಿಸುತ್ತವೆ. ಹೀಗೆ ಚದುರಿಹೋಗಬೇಕಾಗಿದ್ದ ಬೆಳಕಿನ ಬಹುಪಾಲು ಒಂದು ಬಿಗಿಯಾದ ಕಿರಣದೊಳಗೆ ಸೇರುತ್ತದೆ. 1823ರಲ್ಲಿ ಫ್ರಾನ್ಸಿನ ಅಟ್ಲಾಂಟಿಕ್ ತೀರದಲ್ಲಿ, ಜಿರೋಂಡ್ ನದಿಯ ಅಳಿವೆಯ ಬಳಿಯಿರುವ ಕೊರ್ದುವಾನ್ ದೀಪಸ್ತಂಭದಲ್ಲಿ ಈ ಮಸೂರ ಮೊದಲು ಬೆಳಗಿತು. ಅಮೆರಿಕ ಮಾತ್ರ ಬಹಳ ವರ್ಷ ಹಳೆಯ ಕನ್ನಡಿದೀಪಗಳಿಗೇ ಅಂಟಿಕೊಂಡಿತ್ತು. ಫ್ರೆಂಚ್ ಮಸೂರ ದುಬಾರಿ ಎಂಬುದು ಅಧಿಕಾರಿಗಳ ವಾದ. ಉಳಿಸಿದ ಹಣಕ್ಕಿಂತ ಕಳೆದುಕೊಂಡ ಹಡಗುಗಳ ಬೆಲೆ ಹೆಚ್ಚು ಎಂದು ನಾವಿಕರು ದೂರುತ್ತಲೇ ಇದ್ದರು. 1852ರಲ್ಲಿ ದೀಪಸ್ತಂಭ ಮಂಡಳಿ ರಚನೆಯಾದ ಮೇಲೆ ನೀತಿ ಬದಲಾಯಿತು. ಬಾಸ್ಟನ್ ಲೈಟ್‌ಗೆ 1859ರಲ್ಲಿ ಎರಡನೇ ದರ್ಜೆಯ ಫ್ರೆನೆಲ್ ಮಸೂರ ಬಂತು. ಇಲ್ಲಿ ದರ್ಜೆ ಎಂಬುದು ಗುಣಮಟ್ಟವನ್ನಲ್ಲ, ಗಾತ್ರವನ್ನು ಹೇಳುತ್ತದೆ. ದೀಪದಿಂದ ಗಾಜಿಗಿರುವ ಅಂತರ ಮೊದಲ ದರ್ಜೆಯಲ್ಲಿ 920 ಮಿಲಿಮೀಟರ್, ಎರಡನೆಯದರಲ್ಲಿ 700 ಮಿಲಿಮೀಟರ್. 336 ಪಟ್ಟಕಗಳಿರುವ ಅದೇ ಮಸೂರ ಇಂದಿಗೂ ಅಲ್ಲೇ ಇದೆ, ಅದೇ ಕೆಲಸ ಮಾಡುತ್ತಿದೆ. ಅಮೆರಿಕದ ಎಷ್ಟೋ ದೀಪಸ್ತಂಭಗಳ ಹಳೆಯ ಮಸೂರಗಳು ಈಗ ವಸ್ತುಸಂಗ್ರಹಾಲಯ ಸೇರಿ, ಅವುಗಳ ಜಾಗದಲ್ಲಿ ಪ್ಲಾಸ್ಟಿಕ್ ಮಸೂರ ಅಥವಾ ಎಲ್‌ಇಡಿ ದೀಪಗಳು ಕೂತಿರುವಾಗ ಇದು ದೊಡ್ಡ ಭಾಗ್ಯವೇ ಸರಿ.

ಮಿಂಚು ಹುಟ್ಟುವುದು ದೀಪವನ್ನು ಆರಿಸಿ ಹಚ್ಚುವುದರಿಂದ ಎಂದು ಬಹಳ ಮಂದಿ ತಿಳಿದಿದ್ದಾರೆ. ಬಾಸ್ಟನ್ ಲೈಟ್‌ನಲ್ಲಿ ದೀಪ ಆರುವುದೇ ಇಲ್ಲ, ತಿರುಗುವುದು ಮಸೂರ. ಮಸೂರದ ಸುತ್ತ ಹಲವು ಮುಖಗಳಿದ್ದು ಪ್ರತಿ ಮುಖದಿಂದಲೂ ಒಂದೊಂದು ಕಿರಣ ಹೊರಡುತ್ತದೆ. ಮಸೂರ ತಿರುಗಿದಂತೆ ಈ ಕಿರಣಗಳು ಗಾಡಿಚಕ್ರದ ಅರೆಕಾಲುಗಳಂತೆ ಸಮುದ್ರದ ಮೇಲೆ ಸುತ್ತುತ್ತವೆ, ಒಂದೊಂದು ಕಿರಣ ಕಣ್ಣಮುಂದೆ ಹಾದುಹೋದಾಗಲೂ ದೂರದ ನಾವಿಕನಿಗೆ ಒಂದು ಮಿಂಚು ಕಾಣುತ್ತದೆ. ವಿದ್ಯುತ್ ಮೋಟಾರು ಬರುವ ಮೊದಲು ಇಂಥ ಮಸೂರಗಳನ್ನು ತಿರುಗಿಸುತ್ತಿದ್ದದ್ದು ಗಡಿಯಾರದ ಯಂತ್ರ: ಗೋಪುರದೊಳಗೆ ನೇತುಬಿಟ್ಟ ಭಾರ ನಿಧಾನವಾಗಿ ಇಳಿಯುತ್ತಾ ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು, ಭಾರ ತಳ ಮುಟ್ಟುವ ಮುನ್ನ ಪಾಲಕರು ಅದನ್ನು ಮತ್ತೆ ಮೇಲಕ್ಕೆ ಸುತ್ತಬೇಕಿತ್ತು, ರಾತ್ರಿಯಲ್ಲಿ ಹಲವು ಸಲ.

ಹಗಲಿನಲ್ಲೂ ಮಸೂರ ತಿರುಗುತ್ತಲೇ ಇರುವುದಕ್ಕೆ ಕಾರಣ ಬೇರೆ. ದೀಪದ ಬೆಳಕನ್ನು ಸಮಾನಾಂತರ ಕಿರಣವಾಗಿ ಹೊರಗೆ ಕಳಿಸುವ ಗಾಜು, ಹೊರಗಿನಿಂದ ಬರುವ ಬಿಸಿಲನ್ನು ಅಷ್ಟೇ ಚೆನ್ನಾಗಿ ಒಳಗೆ ಒಂದೇ ಬಿಂದುವಿಗೆ ಕೂಡಿಸುತ್ತದೆ. ನಿಂತ ಮಸೂರದ ಮೇಲೆ ಬಿದ್ದ ಸೂರ್ಯನ ಬೆಳಕು ಒಳಗಿನ ದೀಪವನ್ನು ಹಾಳುಮಾಡಬಹುದು, ಬೆಂಕಿಯನ್ನೂ ಹೊತ್ತಿಸಬಹುದು. ಹಿಂದೆ ಪಾಲಕರು ಬೆಳಗಾಗುತ್ತಲೇ ಗಾಜಿನ ಕೋಣೆಗೆ ಪರದೆ ಎಳೆಯುತ್ತಿದ್ದರು. ಈಗ ಚಲನೆಯೇ ಆ ಕಾವಲು ಕಾಯುತ್ತದೆ.

ಮಿಂಚಿನ ನಡುವಣ ಸಮಯವೇ ದೀಪದ ಹೆಸರು. ಕತ್ತಲಲ್ಲಿ ಒಂದು ಬೆಳಕು ಕಂಡಿತೆಂದಷ್ಟೇ ತಿಳಿದರೆ ನಾವಿಕನಿಗೆ ಲಾಭಕ್ಕಿಂತ ಅಪಾಯವೇ ಹೆಚ್ಚು, ಏಕೆಂದರೆ ಒಂದು ಬಂದರಿನ ದೀಪವನ್ನು ಇನ್ನೊಂದರದೆಂದು ಭ್ರಮಿಸಿ ತಿರುಗಿದ ಹಡಗು ನೇರ ಬಂಡೆಯ ಮೇಲೆ ಹೋಗುತ್ತದೆ. ಅದಕ್ಕಾಗಿ ಒಂದೇ ಪ್ರದೇಶದ ದೀಪಗಳಿಗೆ ಬೇರೆ ಬೇರೆ ಲಯಗಳನ್ನು ಗೊತ್ತುಮಾಡಿ ನಕಾಶೆಗಳಲ್ಲಿ ಮುದ್ರಿಸುತ್ತಾರೆ. ಬಾಸ್ಟನ್ ಲೈಟ್‌ನದು ಹತ್ತು ಸೆಕೆಂಡಿಗೊಂದು ಬಿಳಿ ಮಿಂಚು. ಅದರ ಈಶಾನ್ಯಕ್ಕೆ ಬಂಡೆಯ ಮೇಲೆ 1905ರಲ್ಲಿ ಕಟ್ಟಿದ ಗ್ರೇವ್ಸ್ ಲೈಟ್‌ನದು ಹನ್ನೆರಡು ಸೆಕೆಂಡಿಗೆ ಎರಡು ಮಿಂಚು. ಆಗ್ನೇಯಕ್ಕೆ ಮೈನಟ್ಸ್ ಲೆಜ್‌ನದು ಒಂದು, ನಾಲ್ಕು, ಮೂರು ಎಂಬ ಎಣಿಕೆಯ ಮಿಂಚುಗಳು. ‘ಐ ಲವ್ ಯೂ’ ಎಂಬ ಇಂಗ್ಲಿಷ್ ಪದಗಳ ಅಕ್ಷರಸಂಖ್ಯೆಗೆ ಅದು ಹೊಂದುವುದರಿಂದ ಅಲ್ಲಿನ ಜನ ಆ ದೀಪಕ್ಕೆ ಪ್ರೇಮಿಗಳ ದೀಪವೆಂದು ಹೆಸರಿಟ್ಟಿದ್ದಾರೆ. ಆ ಮೈನಟ್ಸ್ ಲೆಜ್‌ನಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದ್ದ ಮೊದಲ ಗೋಪುರ 1851ರ ಏಪ್ರಿಲ್ ಬಿರುಗಾಳಿಗೆ ಕುಸಿದು, ಒಳಗಿದ್ದ ಇಬ್ಬರು ಸಹಾಯಕ ಪಾಲಕರು ಸತ್ತರು. ಈಗಿನ ಕಲ್ಲಿನ ಗೋಪುರ 1860ರದು.

ಮಂಜಿನ ಮುಂದೆ ಈ ಎಲ್ಲ ಜಾಣ್ಮೆಯೂ ಸೋಲುತ್ತದೆ. ಗಾಳಿಯಲ್ಲಿ ತೇಲುವ ನೀರಿನ ಹನಿಗಳು ಕಿರಣವನ್ನು ಎಲ್ಲ ದಿಕ್ಕಿಗೂ ಚದುರಿಸಿ, ಫ್ರೆನೆಲ್ ಕೂಡಿಸಿದ್ದನ್ನೆಲ್ಲ ಬಿಡಿಬಿಡಿ ಮಾಡಿಬಿಡುತ್ತವೆ. ಬಾಸ್ಟನ್ನಿನ ಹೊರಗಡಲಿನಲ್ಲಿ ತಣ್ಣನೆಯ ನೀರಿನ ಮೇಲೆ ಬೆಚ್ಚನೆಯ ತೇವಗಾಳಿ ಬಂದಾಗ ದಟ್ಟ ಮಂಜು ಕಟ್ಟುತ್ತದೆ. 1719ರಲ್ಲಿ ಅಂದಿನ ಪಾಲಕ ಜಾನ್ ಹೇಯ್ಸ್, ಮಂಜಿನಲ್ಲಿ ಹಡಗುಗಳ ಗುಂಡಿನ ಸದ್ದಿಗೆ ಉತ್ತರ ಕೊಡಲು ತನಗೊಂದು ಫಿರಂಗಿ ಬೇಕೆಂದು ಕೇಳಿ ಪಡೆದ. ಅಮೆರಿಕದ ಮೊದಲ ಮಂಜಿನ ಸಂಕೇತ ಅದೇ. ಆ ಫಿರಂಗಿ ಇಂದಿಗೂ ಉಳಿದಿದೆ. ಆಮೇಲೆ ಗಂಟೆ, ಕಹಳೆಗಳು ಬಂದವು. ಸದ್ದಿಗೂ ತನ್ನ ತೊಡಕುಗಳಿವೆ. ಗಾಳಿಯ ವೇಗ ಮತ್ತು ಉಷ್ಣಾಂಶ ಎತ್ತರಕ್ಕೆ ತಕ್ಕಂತೆ ಬದಲಾಗುವುದರಿಂದ ಸದ್ದಿನ ಅಲೆ ಮೇಲಕ್ಕೆ ಬಾಗಿ ಹೋಗಿ, ಹತ್ತಿರದ ಹಡಗಿಗೆ ಕೇಳಿಸದೆ ದೂರದ ಹಡಗಿಗೆ ಕೇಳಿಸುವುದುಂಟು. ದ್ವೀಪದ ಪೂರ್ವಕ್ಕೆ ಕೆಲವು ಮೈಲಿಗಳಾಚೆ ಕಹಳೆಯ ಸದ್ದು ಮುಟ್ಟದ ಒಂದು ಪ್ರದೇಶವನ್ನು ನಾವಿಕರು ‘ಗೋಸ್ಟ್ ವಾಕ್’ ಎಂದು ಕರೆಯುತ್ತಿದ್ದರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ (ಎಂಐಟಿ) ವಿದ್ಯಾರ್ಥಿಗಳು ದ್ವೀಪದಲ್ಲೇ ತಂಗಿ ಅದನ್ನು ಭೇದಿಸುವ ಕಹಳೆಗಾಗಿ ಪ್ರಯೋಗ ನಡೆಸಿದ್ದರು.

ಇಷ್ಟೆಲ್ಲವನ್ನೂ ನಡೆಸುತ್ತಿದ್ದದ್ದು ಮನುಷ್ಯರು. ಮೊದಲ ಪಾಲಕ ಜಾರ್ಜ್ ವರ್ದಿಲೇಕ್‌ಗೆ ವರ್ಷಕ್ಕೆ 50 ಪೌಂಡ್ ಸಂಬಳ. ಅದು ಸಾಲದೆ ಆತ ಪಕ್ಕದ ಗ್ರೇಟ್ ಬ್ರೂಸ್ಟರ್ ದ್ವೀಪದಲ್ಲಿ ಕುರಿ ಸಾಕಿದ್ದ; ಒಂದು ಚಳಿಗಾಲದ ಬಿರುಗಾಳಿಯಲ್ಲಿ 59 ಕುರಿಗಳು ಸಮುದ್ರದ ಪಾಲಾದವು. 1718ರ ನವೆಂಬರ್ 3ರಂದು ಆತ ಹೆಂಡತಿ ಆನ್, ಮಗಳು ರೂತ್ ಜೊತೆಗೆ ಬಾಸ್ಟನ್ನಿನಿಂದ ಮರಳಿದಾಗ, ಅವರನ್ನು ದಡ ಸೇರಿಸಲು ಶಾಡ್‌ವೆಲ್ ಎಂಬ ಆಫ್ರಿಕನ್ ಗುಲಾಮ ಸಣ್ಣ ದೋಣಿ ತಂದ. ದೀಪಸ್ತಂಭದ ಕಣ್ಣೆದುರೇ ದೋಣಿ ಮಗುಚಿ ಅವರೆಲ್ಲರೂ ಮುಳುಗಿಹೋದರು. ಆಗ ಹನ್ನೆರಡು ವರ್ಷದ ಹುಡುಗನಾಗಿ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಈ ದುರಂತದ ಮೇಲೆ ಒಂದು ಲಾವಣಿ ಕಟ್ಟಿ ಬೀದಿಯಲ್ಲಿ ಮಾರಿದ್ದು ಪ್ರಸಿದ್ಧವಾಗಿದೆ. ವರ್ದಿಲೇಕ್, ಆನ್ ಮತ್ತು ರೂತ್ ಹೆಸರುಗಳಿರುವ ಸಮಾಧಿಕಲ್ಲು ಬಾಸ್ಟನ್ನಿನ ನಾರ್ತ್ ಎಂಡ್ ಬಡಾವಣೆಯ ಕಾಪ್ಸ್ ಹಿಲ್ ಸ್ಮಶಾನದಲ್ಲಿದೆ. ದೀಪಸ್ತಂಭವನ್ನು ನೋಡಲು ಬಂದವರು ಅಲ್ಲಿಗೂ ಹೋಗಬೇಕೆಂದು ನಾನು ಒತ್ತಾಯದಿಂದ ಹೇಳುತ್ತೇನೆ. ಶಾಡ್‌ವೆಲ್‌ನ ಹೆಸರನ್ನು ನಾವೇ ನೆನಪಿಟ್ಟುಕೊಳ್ಳಬೇಕು.

ವರ್ದಿಲೇಕ್ ನಂತರ ಎಷ್ಟೋ ಪಾಲಕರು ಬತ್ತಿಯ ಕರಿ ಕತ್ತರಿಸುತ್ತಾ, ಗಾಜು ಒರೆಸುತ್ತಾ, ಎಣ್ಣೆಯ ಡಬ್ಬಿಗಳನ್ನು ಮೆಟ್ಟಿಲ ಮೇಲೆ ಹೊರುತ್ತಾ ಬದುಕಿದರು. 1948ರಲ್ಲಿ ದೀಪ ವಿದ್ಯುತ್ತಿಗೆ ತಿರುಗಿತು. 1989ರಲ್ಲಿ ಸೆನೆಟರ್ ಎಡ್ವರ್ಡ್ ಕೆನೆಡಿಯವರ ಪ್ರಯತ್ನದಿಂದ ಆದ ಒಂದು ಶಾಸನ, ಈ ದೀಪಸ್ತಂಭದಲ್ಲಿ ಜನ ಇರಲೇಬೇಕು, ಅದು ಸಾರ್ವಜನಿಕರಿಗೆ ತೆರೆದಿರಬೇಕು ಎಂದು ವಿಧಿಸಿತು. 1998ರಲ್ಲಿ ದೀಪ ಸ್ವಯಂಚಾಲಿತವಾದಾಗ ಅಮೆರಿಕದಲ್ಲಿ ಹಾಗೆ ಬದಲಾದ ಕೊನೆಯ ದೀಪಸ್ತಂಭ ಇದಾಗಿತ್ತು. ಆದರೂ ಪಾಲಕರ ಹುದ್ದೆ ಮುಂದುವರಿಯಿತು. 2003ರಿಂದ 2023ರ ಕೊನೆಯವರೆಗೆ ಆ ಹುದ್ದೆಯಲ್ಲಿದ್ದ ಸ್ಯಾಲಿ ಸ್ನೋಮನ್ ಇಲ್ಲಿನ ಎಪ್ಪತ್ತನೆಯ ಪಾಲಕರು, ಆ ಸಾಲಿನ ಮೊದಲ ಮಹಿಳೆ.

ದ್ವೀಪಕ್ಕೆ ಹೋಗುವುದು ಈಗ ಮೊದಲಿನಷ್ಟು ಸರಳವಲ್ಲ. ಒಂದು ಕಾಲಕ್ಕೆ ಪ್ರವಾಸಿಗರು ದೋಣಿಯಿಂದಿಳಿದು 76 ಮೆಟ್ಟಿಲುಗಳ ಸುರುಳಿ ಏಣಿಯನ್ನೂ, ಅದರ ಮೇಲಿನ ಎರಡು ಕಡಿದಾದ ಏಣಿಗಳನ್ನೂ ಹತ್ತಿ ಮಸೂರದ ಪಕ್ಕದಲ್ಲೇ ನಿಲ್ಲುತ್ತಿದ್ದರು. ಇತ್ತೀಚಿನ ವರ್ಷಗಳ ಚಳಿಗಾಲದ ಬಿರುಗಾಳಿಗಳಿಗೆ ದ್ವೀಪದ ದೋಣಿಕಟ್ಟೆ ಹಾಳಾದ ಮೇಲೆ ಇಳಿಯುವ ಪ್ರವಾಸಗಳು ನಿಂತು, ದೋಣಿಯಲ್ಲಿ ಸುತ್ತುವರಿದು ನೋಡುವ ಪ್ರವಾಸಗಳು ಅವುಗಳ ಜಾಗಕ್ಕೆ ಬಂದವು. ಹೊರಡುವ ಮುನ್ನ ಆಯಾ ವರ್ಷದ ವೇಳಾಪಟ್ಟಿಯನ್ನು ಬಾಸ್ಟನ್ ಹಾರ್ಬರ್ ಐಲೆಂಡ್ಸ್ ಉದ್ಯಾನದ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ದೋಣಿಗಳು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಹೆಚ್ಚಾಗಿ ಓಡುತ್ತವೆ, ಜುಲೈನಲ್ಲೂ ಹೊರಗಡಲಿನ ಗಾಳಿಗೆ ಬೆಚ್ಚನೆಯ ಮೇಲಂಗಿ ಬೇಕು. ಜಾರ್ಜಸ್ ದ್ವೀಪಕ್ಕೆ ಹೋಗುವ ದೋಣಿ ಹಿಡಿದರೆ, ಅಂತರ್ಯುದ್ಧದ ಕಾಲದಲ್ಲಿ ಸೆರೆಮನೆಯಾಗಿದ್ದ ಫೋರ್ಟ್ ವಾರನ್ ಕೋಟೆಯನ್ನೂ ನೋಡಬಹುದು.

ದ್ವೀಪದ ಮುಂದಿನ ಗತಿಯ ಪ್ರಶ್ನೆಯೂ ಇದರೊಡನೆ ಬೆಸೆದಿದೆ. ದೀಪವನ್ನು ನಡೆಸುವ ಅಮೆರಿಕದ ಕರಾವಳಿ ಕಾವಲು ಪಡೆಗೆ ಬೇಕಾಗಿರುವುದು ದೀಪ ಮತ್ತು ಕಹಳೆ. ಹಳೆಯ ಕಟ್ಟಡಗಳ ದುರಸ್ತಿ ಅದರ ಮೂಲ ಕೆಲಸವಲ್ಲ. ಇಂಥ ಸಂದರ್ಭಗಳಿಗೆಂದೇ 2000ನೇ ಇಸವಿಯಲ್ಲಿ ಆದ ಶಾಸನವೊಂದರಂತೆ, ಐತಿಹಾಸಿಕ ದೀಪಸ್ತಂಭಗಳನ್ನು ಮೊದಲು ಸರ್ಕಾರಿ ಸಂಸ್ಥೆಗಳಿಗೂ ಲಾಭರಹಿತ ಸಂಘಗಳಿಗೂ ಉಚಿತವಾಗಿ ಕೊಡಲು ಮುಂದಾಗುತ್ತಾರೆ, ಯಾರೂ ಬಾರದಿದ್ದರೆ ಹರಾಜು ಹಾಕುತ್ತಾರೆ. ಪಕ್ಕದ ಗ್ರೇವ್ಸ್ ಲೈಟ್ 2013ರಲ್ಲಿ 9,33,888 ಡಾಲರಿಗೆ ಖಾಸಗಿಯವರ ಕೈಸೇರಿತು. ಖಾಸಗಿ ಒಡೆತನದಲ್ಲೂ ಕಟ್ಟಡ ಚೆನ್ನಾಗಿ ಉಳಿಯಬಹುದು. ಆದರೆ 1716ರಲ್ಲಿ ಎಲ್ಲ ಹಡಗುಗಳ ಪೆನ್ನಿಗಳಿಂದ ಹೊತ್ತಿಸಿದ ದೀಪದ ಬುಡಕ್ಕೆ ಯಾರು ಬೇಕಾದರೂ ಹೋಗಿ ನಿಲ್ಲುವ ಹಕ್ಕು ಉಳಿಯಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ದೋಣಿಕಟ್ಟೆಯನ್ನು ಗಟ್ಟಿಯಾಗಿ ಮತ್ತೆ ಕಟ್ಟುವುದು ಅದಕ್ಕೆ ಮೊದಲ ಹೆಜ್ಜೆ.

ದೋಣಿ ಸಿಗದವರಿಗೆ ಹಲ್ ಊರಿನ ದಾರಿಯಿದೆ. ಬಾಸ್ಟನ್ನಿನಿಂದ ರಸ್ತೆಯ ಮೂಲಕ ಅಲ್ಲಿಗೆ ಹೋಗಿ, ಫೋರ್ಟ್ ರಿವಿಯರ್ ಇರುವ ಗುಡ್ಡದ ಮೇಲೆ ನಿಂತರೆ ಕಡಲ ಕಾಲುವೆಯಾಚೆ ಲಿಟಲ್ ಬ್ರೂಸ್ಟರ್ ಪೂರ್ತಿಯಾಗಿ ಕಾಣುತ್ತದೆ. ಹಗಲಿನಲ್ಲಿ ದುರ್ಬೀನಿನಿಂದ ಗೋಪುರದ ಪಟ್ಟಿಗಳನ್ನೂ, 1884ರಲ್ಲಿ ಕಟ್ಟಿದ ಪಾಲಕರ ಮನೆಯನ್ನೂ ಗುರುತಿಸಬಹುದು. ಮೋಡವಿಲ್ಲದ ಸಂಜೆ ಕತ್ತಲಾಗುವವರೆಗೆ ತೀರದಲ್ಲೇ ಉಳಿಯುವವರು ಕೈಗಡಿಯಾರ ನೋಡುತ್ತಾ ಎಣಿಸಲಿ: ಒಂದು ಮಿಂಚಿನಿಂದ ಇನ್ನೊಂದಕ್ಕೆ ಹತ್ತು ಸೆಕೆಂಡಾದರೆ ಅದು ಬಾಸ್ಟನ್ ಲೈಟ್, ಜೋಡಿ ಮಿಂಚು ಬಂದರೆ ಗ್ರೇವ್ಸ್.